ಒಡೆಯನ ಕಲ್ಲು, ಆಳಿನ ಸೂರು

ಇಂಗ್ಲೆಂಡಿನ ಉತ್ತರದ ಅಂಚಿನಲ್ಲಿ, ಸ್ಕಾಟ್ಲೆಂಡಿನ ಗಡಿಗೆ ತಾಗಿಕೊಂಡಿರುವ ನಾರ್ತಂಬರ್ಲೆಂಡ್ ಸೀಮೆಯಲ್ಲಿ, ಕಳೆದ ಶತಮಾನಗಳಲ್ಲಿ ವರ್ಷಕ್ಕೊಮ್ಮೆ, ಮೇ ತಿಂಗಳ ನಡುವಿನಲ್ಲಿ, ಹಳ್ಳಿಯ ದಾರಿಗಳೆಲ್ಲ ಗಾಡಿಗಳಿಂದ ತುಂಬಿಹೋಗುತ್ತಿದ್ದುವು. ಒಂದು ವರ್ಷದ ಕರಾರಿನ ಮೇಲೆ ಜಮೀನಿನ ಕೆಲಸಕ್ಕೆ ನಿಲ್ಲುತ್ತಿದ್ದ ಆಳುಗಳು, ಅಂದರೆ ಅಲ್ಲಿಯ ಜನ ‘ಹೈಂಡ್’ ಎಂದು ಕರೆಯುತ್ತಿದ್ದ ಸಂಸಾರವಂದಿಗರು, ಹಳೆಯ ಯಜಮಾನನ ಹೊಲವನ್ನು ಬಿಟ್ಟು ಹೊಸ ಯಜಮಾನನ ಹೊಲಕ್ಕೆ ಹೊರಡುವ ಕಾಲ ಅದು. ಹಾಸಿಗೆ, ಪಾತ್ರೆ, ಕೋಳಿ, ಕೂಸು, ಮುದುಕಿಯರ ಜೊತೆಗೆ ಅದೇ ಗಾಡಿಯ ಮೇಲೆ ಒಲೆಯ ಕಬ್ಬಿಣದ ಜಾಲರಿಯನ್ನೂ, ಕೋಣೆಯನ್ನು ಎರಡು ಮಾಡುವ ಹಲಗೆಯ ತಡಿಕೆಯನ್ನೂ, ಚೌಕಟ್ಟು ಗಾಜುಗಳ ಸಮೇತ ಕಿತ್ತ ಕಿಟಕಿಯನ್ನೂ ಅವರು ಹೇರಿಕೊಂಡು ಹೋಗುತ್ತಿದ್ದರು. ನಾಲ್ಕು ಗೋಡೆ ಮತ್ತು ಮೇಲಿನ ಮಾಡು, ಇಷ್ಟೇ ಒಡೆಯನು ಕೊಟ್ಟ ಮನೆ. ಅದನ್ನು ಬದುಕುವ ಸ್ಥಳವಾಗಿ ಮಾಡುವ ವಸ್ತುಗಳೆಲ್ಲ ಆಳಿನ ಸ್ವಂತದವು.

ನಾರ್ಹಮ್ ಎಂಬ ಊರಿನ ಪಾದ್ರಿಯಾಗಿದ್ದ ವಿಲಿಯಮ್ ಸ್ಟೀಫನ್ ಗಿಲ್ಲಿ 1841ರಲ್ಲಿ ಗಡಿಸೀಮೆಯ ಕೂಲಿಗಾರರ ಪರವಾಗಿ ಒಂದು ಮನವಿಯನ್ನು ಅಚ್ಚು ಹಾಕಿಸಿ, ಈ ಮನೆಗಳ ಅಳತೆಯನ್ನೇ ಲೋಕದ ಮುಂದಿಟ್ಟನು. ಕೆತ್ತದ ಕಾಡುಗಲ್ಲಿನ ಗೋಡೆ. ಒಳಗೆ 24 ಅಡಿ ಉದ್ದ, 16 ಅಡಿ ಅಗಲದ ಒಂದೇ ಕೋಣೆ. 20 ಅಂಗುಲಕ್ಕೆ 16 ಅಂಗುಲದ, ತೆರೆಯಲು ಬಾರದ ಕಿಟಕಿ. ಆ ಕೋಣೆಯೊಳಗೆ ಎಂಟು, ಹತ್ತು, ಒಮ್ಮೊಮ್ಮೆ ಹನ್ನೆರಡು ಜನ. ಹೊಲದ ಕೆಲಸಕ್ಕೆ ತನ್ನ ಜೊತೆ ಒಬ್ಬ ಹೆಣ್ಣಾಳನ್ನೂ ಒದಗಿಸಬೇಕೆಂಬ ಕರಾರು ಹೈಂಡನ ಮೇಲಿದ್ದುದರಿಂದ, ಮನೆಯ ಹೆಣ್ಣುಮಕ್ಕಳು ಸಾಲದೆ ಹೋದಾಗ ಹೊರಗಿನ ಹುಡುಗಿಯೊಬ್ಬಳು ಅದೇ ಕೋಣೆಯ ಮೂಲೆಯಲ್ಲಿ ಮಲಗಬೇಕಾಗುತ್ತಿತ್ತು. ಅವನ ಕೂಲಿಯ ಬಹುಭಾಗ ಓಟ್ಸು, ಬಾರ್ಲಿ, ಬಟಾಣಿ, ಆಲೂಗೆಡ್ಡೆ, ಹಾಗೂ ಒಂದು ಹಸುವಿನ ಮೇವು. ಆ ಹಸುವೂ ಎಷ್ಟೋ ಕಡೆ ಅದೇ ಸೂರಿನ ಕೆಳಗೆ.

ಇಂದು ಇಂಗ್ಲೆಂಡಿನ ಹಳ್ಳಿಗಾಡಿನ ಚಿತ್ರವೆಂದರೆ ನಮ್ಮ ಕಣ್ಣಿಗೆ ಬರುವುದು ಬಳ್ಳಿ ಹಬ್ಬಿದ ಕಲ್ಲಿನ ಪುಟ್ಟ ಮನೆ, ಎತ್ತರದ ಹೊಗೆಗೂಡು, ಗುಲಾಬಿಯ ಗೇಟು. ಬಿಸ್ಕತ್ತಿನ ಡಬ್ಬಿಯ ಮೇಲೂ ಕ್ಯಾಲೆಂಡರಿನ ಮೇಲೂ ಅಚ್ಚಾಗಿ ಭೂಮಂಡಲವನ್ನೆಲ್ಲ ಸುತ್ತಿಬಂದ ಆ ಮನೆಗಳಲ್ಲಿ ಗಣನೀಯವಾದ ಪಾಲು ದೊಡ್ಡ ದೊಡ್ಡ ಎಸ್ಟೇಟುಗಳ ಒಡೆಯರು ತಮ್ಮ ಆಳುಕಾಳುಗಳಿಗಾಗಿ ಕಟ್ಟಿಸಿದವು ಎಂಬುದನ್ನೂ, ಆ ಸೌಂದರ್ಯಕ್ಕೂ ಗಿಲ್ಲಿ ಅಳೆದ ಆ ಕತ್ತಲೆಯ ಕೋಣೆಗೂ ರಕ್ತಸಂಬಂಧವಿದೆ ಎಂಬುದನ್ನೂ ಅರಿಯದೆ ಆ ವಾಸ್ತುವನ್ನು ಕುರಿತು ಮಾತನಾಡುವುದು ಅರ್ಧ ಮಾತನಾಡಿದಂತೆ. ಈ ಮನೆಗಳನ್ನು ನೋಡುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ಇದನ್ನು ಕಟ್ಟಿದ್ದು ಯಾರ ಕಣ್ಣಿಗಾಗಿ? ಸಾರೋಟಿನಲ್ಲಿ ಹಾದುಹೋಗುವ ಅತಿಥಿಯ ಕಣ್ಣಿಗೋ, ಒಳಗೆ ಒಲೆಯ ಮುಂದೆ ಕುಳಿತು ಒದ್ದೆ ಬಟ್ಟೆ ಒಣಗಿಸುವ ಹೆಂಗಸಿನ ಕಣ್ಣಿಗೋ?

ಆಳಿಗೆ ಮನೆಯನ್ನು ಒಡೆಯನೇ ಏಕೆ ಕಟ್ಟಿಸಬೇಕಾಯಿತು, ಕಟ್ಟಿಸದೆ ಉಳಿದುದೂ ಏಕೆ ಎಂಬುದಕ್ಕೆ ಆ ದೇಶದ ಬಡವರ ಕಾನೂನಿನಲ್ಲಿ ಉತ್ತರವಿದೆ. 1662ರ ಶಾಸನದ ಪ್ರಕಾರ ನಿರ್ಗತಿಕನಾದವನ ಪೋಷಣೆ ಅವನು ನೆಲೆಗೊಂಡ ಪ್ಯಾರಿಷಿನ, ಎಂದರೆ ಚರ್ಚಿನ ಗ್ರಾಮವ್ಯಾಪ್ತಿಯ, ಹೊಣೆ. ಆ ವೆಚ್ಚದ ಕಂದಾಯ ಬೀಳುತ್ತಿದ್ದುದು ಅಲ್ಲಿಯ ಭೂಮಿಯ ಮೇಲೆ. ಇಡೀ ಪ್ಯಾರಿಷು ಒಬ್ಬನೇ ಜಮೀನುದಾರನ ಕೈಯಲ್ಲಿದ್ದ ಕಡೆ, ಮನೆಗಳು ಕಡಮೆಯಾದಷ್ಟೂ ಬಡವರು ಕಡಮೆ, ಬಡವರು ಕಡಮೆಯಾದಷ್ಟೂ ಕಂದಾಯ ಕಡಮೆ ಎಂಬ ಕ್ರೂರವಾದ ಲೆಕ್ಕಾಚಾರ ಹುಟ್ಟಿತು. ಹಳೆಯ ಮನೆ ಬಿದ್ದರೆ ಎತ್ತಿ ಕಟ್ಟುವವರಿಲ್ಲ, ಬೀಳದಿದ್ದರೆ ಬೀಳಿಸುವವರುಂಟು. ಆ ಹೊಲಗಳಲ್ಲೇ ದುಡಿಯುವ ಜನ ಮೂರು ನಾಲ್ಕು ಮೈಲಿ ದೂರದ ‘ತೆರೆದ’ ಹಳ್ಳಿಗಳಲ್ಲಿ, ಬಾಡಿಗೆಗಾಗಿ ಕಟ್ಟಿದ ಕೊಂಪೆಗಳಲ್ಲಿ ವಾಸವಾಗಿದ್ದು, ಬೆಳಗು ಬೈಗು ನಡೆದು ಬರುತ್ತಿದ್ದರು. ಈ ಹೊರೆಯನ್ನು ಹಲವು ಪ್ಯಾರಿಷುಗಳ ಒಕ್ಕೂಟದ ಮೇಲೆ ಸಮನಾಗಿ ಹಂಚುವ ಕಾನೂನು ಬಂದುದು 1865ರಲ್ಲಿ. ಆದುದರಿಂದ ಆ ಕಾಲದಲ್ಲಿ ಒಳ್ಳೆಯ ಆಳುಮನೆಯನ್ನು ಕಟ್ಟಿಸಿದ ಜಮೀನುದಾರನು ಬರಿಯ ಹಣವನ್ನಷ್ಟೇ ಅಲ್ಲ, ತನ್ನ ವರ್ಗದ ಲೆಕ್ಕಾಚಾರವನ್ನೇ ಬಿಟ್ಟುಕೊಡಬೇಕಾಗಿತ್ತು. ಕೆಲವರು ಬಿಟ್ಟುಕೊಟ್ಟರು ಎಂಬುದನ್ನು ಗೌರವದಿಂದಲೇ ಹೇಳಬೇಕು.

ಆದರೆ ಕಟ್ಟಿಸಿದವರಲ್ಲಿ ಮೊದಲಿಗರ ಉದ್ದೇಶ ಬೇರೆಯಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಬಂಗಲೆಯ ಸುತ್ತ ವಿಶಾಲವಾದ ಉದ್ಯಾನವನ್ನು, ಕೆರೆಯನ್ನು, ದೂರದವರೆಗೆ ಅಡೆತಡೆಯಿಲ್ಲದ ಹಸುರನ್ನು ನಿರ್ಮಿಸುವ ಹವ್ಯಾಸ ಶ್ರೀಮಂತರಲ್ಲಿ ಪ್ರಬಲವಾಯಿತು. ಆ ನೋಟಕ್ಕೆ ಅಡ್ಡ ಬಂದ ಹಳ್ಳಿಗಳನ್ನು ಕೆಡವಿ, ಜನರನ್ನು ಕಣ್ಮರೆಯಾದ ಕಡೆಗೆ ಸಾಗಿಸಿ, ಅಲ್ಲಿ ಹೊಸ ಹಳ್ಳಿಯೊಂದನ್ನು ಅಳತೆಗೆ ತಕ್ಕಂತೆ ಕಟ್ಟಿಸಿದರು. ಡಾರ್ಸೆಟ್ ಸೀಮೆಯಲ್ಲಿ ಲಾರ್ಡ್ ಮಿಲ್ಟನ್ ಎಂಬವನು ತನ್ನ ಮನೆಯ ಪಕ್ಕದ, ಸಂತೆಯೂ ಶಾಲೆಯೂ ಇದ್ದ ಒಂದು ಪಟ್ಟಣವನ್ನೇ ಅಳಿಸಿ, 1780ರ ಸುಮಾರಿಗೆ ಮಿಲ್ಟನ್ ಆಬಸ್ ಎಂಬ ಗ್ರಾಮವನ್ನು ಕಣಿವೆಯೊಳಗೆ ನಿಲ್ಲಿಸಿದನು. ಹೊರಗೆ ಒಂದೇ ಮನೆಯೆಂದು ತೋರುವ ಅಲ್ಲಿಯ ಪ್ರತಿಯೊಂದು ಕಟ್ಟಡವೂ ಎರಡು ಸಂಸಾರಗಳಿಗಾಗಿ ಕಟ್ಟಿದ್ದು. ಅದು ಮಣ್ಣಿನ ಗೋಡೆಯ ಹಳ್ಳಿ. ಯಾರ್ಕ್‌ಷೈರಿನ ಹೇರ್‌ವುಡ್ಡಿನಲ್ಲಾದರೋ ಎಡ್ವಿನ್ ಲಾಸೆಲ್ಸನು ತನ್ನ ಬಂಗಲೆಯ ಹೆಬ್ಬಾಗಿಲಿನ ಮುಂದೆ ಜಾನ್ ಕಾರ್ ಎಂಬ ವಾಸ್ತುಕಾರನಿಂದ ಒರಟು ಮರಳುಗಲ್ಲಿನ ಸಾಲುಮನೆಗಳನ್ನು ಕಟ್ಟಿಸಿದನು. ಅಲಂಕಾರವಿಲ್ಲ, ವಿಪರೀತವಿಲ್ಲ, ಗಂಭೀರವಾದ, ಸಮಪ್ರಮಾಣದ, ಸೈನಿಕ ಶಿಸ್ತಿನ ಸಾಲುಗಳು. ಆ ಕಲ್ಲುಗಳ ಚೆಲುವನ್ನು ನೋಡುವವನು ಲಾಸೆಲ್ಸ್ ವಂಶದ ಐಶ್ವರ್ಯ ವೆಸ್ಟ್ ಇಂಡೀಸಿನ ಸಕ್ಕರೆಯಿಂದ, ಆ ಸಕ್ಕರೆಯ ತೋಟಗಳಲ್ಲಿ ಗುಲಾಮರಾಗಿ ಸೆರೆಸಿಕ್ಕ ಆಫ್ರಿಕದ ಜನರ ದುಡಿಮೆಯಿಂದ ಬಂದುದೆಂಬುದನ್ನು ಮರೆಯಬಾರದು. ಒಂದು ಕಡೆಯ ಆಳುಮನೆಗೆ ಇನ್ನೊಂದು ಕಡೆಯ ಆಳಿನ ರಕ್ತ ಅಡಿಗಲ್ಲಾಗಿದೆ.

ಶತಮಾನ ತಿರುಗುವ ಹೊತ್ತಿಗೆ ಅಭಿರುಚಿ ಬದಲಾಯಿತು. ಯುವೆಡೇಲ್ ಪ್ರೈಸ್ ಮೊದಲಾದ ರಸಿಕರು, ಸರಳರೇಖೆಯಲ್ಲಿ ಸೊಬಗಿಲ್ಲ, ವಕ್ರತೆಯಲ್ಲಿ, ಜೀರ್ಣತೆಯಲ್ಲಿ, ಆಕಸ್ಮಿಕವೆಂಬಂತೆ ಕಾಣುವ ವೈವಿಧ್ಯದಲ್ಲಿ ಸೊಬಗಿದೆ ಎಂದು ಗ್ರಂಥಗಳನ್ನು ಬರೆದರು. ಬಡವನ ಮನೆಯ ಬಾಗಿದ ಮಾಡು, ಪಾಚಿ ಹಿಡಿದ ಕಲ್ಲು, ಪಕ್ಕಕ್ಕೆ ಜೋತುಬಿದ್ದ ಚಪ್ಪರ ಚಿತ್ರಕಾರರಿಗೆ ಬಹುಕಾಲದಿಂದ ಪ್ರಿಯವಾಗಿದ್ದುವು. ಈಗ ಅದನ್ನೇ ಹೊಸದಾಗಿ, ಬುದ್ಧಿಪೂರ್ವಕವಾಗಿ ಕಟ್ಟಿಸುವ ಆಸೆ ಹುಟ್ಟಿತು. ಆ ಆಸೆಯ ಶಿಖರವನ್ನು ಕಾಣಬೇಕಾದರೆ ಬ್ರಿಸ್ಟಲ್ ನಗರದ ಅಂಚಿನ ಬ್ಲೇಸ್ ಹ್ಯಾಮ್‌ಲೆಟ್ಟಿಗೆ ಹೋಗಬೇಕು. ಜಾನ್ ಹಾರ್ಫರ್ಡ್ ಎಂಬ ಕ್ವೇಕರ್ ಪಂಥದ ಬ್ಯಾಂಕಿನ ಶ್ರೀಮಂತನು ತನ್ನ ಎಸ್ಟೇಟಿನಲ್ಲಿ ದುಡಿದು ಮುಪ್ಪಾದ ಸೇವಕರಿಗಾಗಿ 1811ರ ಹೊತ್ತಿಗೆ ಇದನ್ನು ಕಟ್ಟಿಸಿದನು; ಕಲ್ಪಿಸಿದವನು ಜಾನ್ ನ್ಯಾಶ್, ಮುಂದೆ ಲಂಡನ್ನಿನ ರೀಜೆಂಟ್ ಬೀದಿಯನ್ನು ರಚಿಸಿ ಪ್ರಖ್ಯಾತನಾದವನು; ನಕ್ಷೆಗಳಲ್ಲಿ ಅವನಿಗೆ ನೆರವಾದವನು ಉದ್ಯಾನಶಿಲ್ಪಿ ಹಂಫ್ರಿ ರೆಪ್ಟನ್ನನ ಮಗ ಜಾರ್ಜ್.

ಒಂಬತ್ತು ಮನೆಗಳು ವಕ್ರವಾದ ಒಂದು ಹುಲ್ಲುಗಾವಲಿನ ಸುತ್ತ ನಿಂತಿವೆ. ಒಂದರಂತೆ ಇನ್ನೊಂದಿಲ್ಲ. ಒಂದರ ಮಾಡು ಹುಲ್ಲಿನದು, ಮತ್ತೊಂದರದು ಕಲ್ಲುಹೆಂಚಿನದು. ಒಂದರ ಮುಂದೆ ಕಂಬದ ಪಡಸಾಲೆ, ಮತ್ತೊಂದರ ಮೂಲೆಯಲ್ಲಿ ಗುಂಡಾದ ಕೋಣೆ. ಗೋಡೆಗಳು ಆ ಸೀಮೆಯ ಒಡೆಗಲ್ಲಿನವು. ಅವುಗಳ ಮೇಲೆ ಎದ್ದುನಿಂತ ಇಟ್ಟಿಗೆಯ ಹೊಗೆಗೂಡುಗಳು ಮಾತ್ರ ಅಷ್ಟು ಎತ್ತರವಾಗಿಯೂ ಅಷ್ಟು ಕಸೂತಿಯ ಕೆಲಸದಿಂದ ಕೂಡಿಯೂ ಇವೆಯೆಂದರೆ, ಮನೆಯೇ ಹೊಗೆಗೂಡಿಗೆ ಪೀಠವೋ ಎಂಬಂತೆ ತೋರುತ್ತದೆ. ಬಾಗಿಲ ಬಳಿ ಕೂರಲು ಜಗಲಿಗಳುಂಟು. ಆದರೆ ಬಾಗಿಲುಗಳನ್ನು ಒಂದಕ್ಕೊಂದು ಎದುರಾಗದ ಹಾಗೆ ತಿರುಗಿಸಿದ್ದಾರೆ. ಮುದುಕರು ಹರಟೆಯಲ್ಲಿ ಕಾಲ ಕಳೆಯಬಾರದೆಂಬ ಉದ್ದೇಶ ಇದರಲ್ಲಿತ್ತೆಂದು ಹೇಳಿಕೆ. ಅದು ನಿಜವಿರಲಿ ಬಿಡಲಿ, ಚಿತ್ರದ ದೃಷ್ಟಿಯಿಂದ ಮಾತ್ರ ಆ ತಿರುವುಗಳು ಅನಿವಾರ್ಯವಾಗಿದ್ದುವು. ಹುಲ್ಲಿನ ನಡುವೆ, ಸರಿಯಾದ ಮಧ್ಯಬಿಂದುವನ್ನು ತಪ್ಪಿಸಿ, ನೀರಿನ ಪಂಪೊಂದನ್ನು ನೆರಳುಗಡಿಯಾರದ ಕಂಬದೊಡನೆ ನಿಲ್ಲಿಸಲಾಗಿದೆ. ಜಾಸ್ಮಿನ್, ವೈನ್, ರೋಸ್, ಓಕ್, ಸ್ವೀಟ್‌ಬ್ರಯರ್ ಎಂದು ಮನೆಗಳಿಗೆ ಹೂವಿನ, ಬಳ್ಳಿಯ, ಮರದ ಹೆಸರುಗಳು.

ಇದನ್ನು ಬೊಂಬೆಮನೆಯೆಂದು ಹಳಿದವರುಂಟು. ನನಗೆ ಆ ಮಾತು ಪೂರ್ಣ ನ್ಯಾಯವೆಂದು ತೋರುವುದಿಲ್ಲ. ಮುಪ್ಪಿನಲ್ಲಿ ವರ್ಕ್‌ಹೌಸಿನ, ಎಂದರೆ ಅನಾಥರ ದುಡಿಮನೆಯ, ಭಯವೇ ಎದುರಿಗಿದ್ದ ಸೇವಕನಿಗೆ ಅಲ್ಲಿ ಒಣಗಿದ ನೆಲ, ಒಲೆ, ಬಟ್ಟೆ ಒಗೆಯಲು ಹಂಡೆ, ಹಿತ್ತಲು, ಎಲ್ಲಕ್ಕೂ ಮಿಗಿಲಾಗಿ ಸಾಯುವ ತನಕ ನೆಲೆ ದೊರೆತವು. ನ್ಯಾಶನು ಆ ಸಣ್ಣ ಸಣ್ಣ ಮಾಡುಗಳ ಸಂಧಿಯನ್ನು ಅರಮನೆಯ ಗುಮ್ಮಟವನ್ನು ಚಿಂತಿಸುವಷ್ಟೇ ಶ್ರದ್ಧೆಯಿಂದ ಚಿಂತಿಸಿದ್ದಾನೆ. ಆದರೆ ಒಪ್ಪಬೇಕಾದ ಮಾತೊಂದುಂಟು: ಅಲ್ಲಿ ವಾಸಿಸುವವನೂ ಚಿತ್ರದ ಒಂದು ಅಂಗ. ಬಾಗಿಲಲ್ಲಿ ಕುಳಿತ ಮುದುಕನ ಬಿಳಿಯ ತಲೆಯೂ ಬಳ್ಳಿಯೂ ಹೊಗೆಯೂ ನೋಡುಗನಿಗೆ ಒಂದೇ ರೀತಿಯ ಸಂತೋಷವನ್ನು ಕೊಡಬೇಕೆಂಬ ನಿರೀಕ್ಷೆ ಆ ವಾಸ್ತುವಿನ ಎಲುಬಿನಲ್ಲಿದೆ.

ಇದೇ ಪರಂಪರೆಯ ಮುಂದಿನ ಹೆಜ್ಜೆ ಡರ್ಬಿಷೈರಿನ ಎಡೆನ್ಸರ್. ಚಾಟ್ಸ್‌ವರ್ತ್ ಅರಮನೆಯ ಎದುರಿನ ದಿಣ್ಣೆಯ ಮೇಲಿದ್ದ ಆ ಹಳ್ಳಿಯ ಒಂದು ಭಾಗವನ್ನು ಹದಿನೆಂಟನೆಯ ಶತಮಾನದಲ್ಲೇ ನೋಟಕ್ಕೆ ಅಡ್ಡವೆಂದು ತೆಗೆಸಲಾಗಿತ್ತು; ಉಳಿದುದನ್ನು ಡೆವನ್‌ಷೈರಿನ ಆರನೆಯ ಡ್ಯೂಕನು 1838ರಿಂದ 1842ರವರೆಗೆ ಸ್ಥಳಾಂತರಿಸಿದನು. ಅವನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್, ಮುಂದೆ 1851ರ ಮಹಾಪ್ರದರ್ಶನದ ಸ್ಫಟಿಕಭವನವನ್ನು ನಿರ್ಮಿಸಿದವನು, ಜಾನ್ ರಾಬರ್ಟ್‌ಸನ್ ಎಂಬ ನಕ್ಷೆಗಾರನೊಡನೆ ಸೇರಿ ಹೊಸ ಹಳ್ಳಿಯನ್ನು ರಚಿಸಿದನು. ಸ್ವಿಸ್ ಪರ್ವತಗಳ ಚಾಚುಮಾಡು, ಇಟಲಿಯ ಚೌಕಗೋಪುರ, ನಾರ್ಮನ್ನರ ಗುಂಡುಕಮಾನು, ಟ್ಯೂಡರರ ಚೂಪು ತ್ರಿಕೋನ, ಎಲ್ಲವೂ ಒಂದೇ ಬೀದಿಯಲ್ಲಿ. ಇದು ಕಲಸುಮೇಲೋಗರವಾಗದೆ ಒಂದು ಊರಾಗಿ ತೋರುವುದಕ್ಕೆ ಕಾರಣ ಒಂದೇ: ಶೈಲಿ ಎಷ್ಟೇ ಬೇರೆಯಾದರೂ ಕಲ್ಲು ಒಂದೇ. ಅದೇ ಬೆಟ್ಟದ ಮರಳುಗಲ್ಲು ಎಲ್ಲ ವೇಷಗಳ ಕೆಳಗೂ ಒಂದೇ ಮೈಬಣ್ಣವನ್ನು ಉಳಿಸಿಕೊಂಡಿದೆ. ರಸ್ತೆಯ ಆಚೆ ಹಳೆಯ ಊರಿನ ಒಂದೇ ಒಂದು ಮನೆ ಮಾತ್ರ ಒಂಟಿಯಾಗಿ ಉಳಿದಿದೆ. ಅಲ್ಲಿದ್ದ ಮುದುಕನು ಏಳಲೊಪ್ಪಲಿಲ್ಲವೆಂದು ಐತಿಹ್ಯ. ಪ್ಯಾಕ್ಸ್‌ಟನ್ನನ ಸಮಾಧಿ ಆ ಊರಿನ ಚರ್ಚಿನ ಅಂಗಳದಲ್ಲೇ ಇದೆ.

ಕಲ್ಲಿನ ಮಾತಿಗೆ ಬಂದಾಗ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಮನೆಗಳ ನಿಜವಾದ ವಾಸ್ತುಕಾರ ಬಹುಪಾಲು ಆ ನೆಲವೇ. ರೈಲು ಬರುವ ಮೊದಲು ಕಲ್ಲನ್ನು ಹತ್ತು ಮೈಲಿ ಸಾಗಿಸುವ ಬಾಡಿಗೆ ಅದನ್ನು ತೆಗೆಯುವ ಕೂಲಿಯನ್ನು ಮೀರಿಸುತ್ತಿತ್ತು. ಆದುದರಿಂದ ಶ್ರೀಮಂತನ ಬಂಗಲೆಗೆ ದೂರದ ಕಲ್ಲು ಬಂದರೂ ಆಳಿನ ಮನೆಗೆ ಕಾಲಡಿಯ ಕಲ್ಲೇ ಗತಿ. ಎಸ್ಟೇಟಿಗೆ ತನ್ನದೇ ಗಣಿ, ತನ್ನದೇ ಸುಣ್ಣದ ಭಟ್ಟಿ, ತನ್ನದೇ ಮರ, ತನ್ನದೇ ಕಲ್ಲುಕುಟಿಗರೂ ಬಡಗಿಗಳೂ ಇದ್ದುದರಿಂದ ಹೊರಗೆ ಕೊಳ್ಳಬೇಕಾದ ಸರಕು ಕಡಮೆ. ಇಟ್ಟಿಗೆಯ ಮೇಲೆ 1784ರಿಂದ 1850ರವರೆಗೆ ಸರ್ಕಾರ ಸುಂಕ ವಿಧಿಸುತ್ತಿದ್ದುದೂ ಕಲ್ಲಿನ ಸೀಮೆಗಳಲ್ಲಿ ಕಲ್ಲಿಗೆ ಅನುಕೂಲವಾಯಿತು. ಗಾಜಿನ ಸುಂಕ 1845ರವರೆಗೆ ಉಳಿದುದು ಕಿಟಕಿಗಳ ಕಿರಿದುತನಕ್ಕೆ ಒಂದು ಕಾರಣ.

ಗೋಡೆಯ ದಪ್ಪ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಅಡಿ. ನೋಡುವವನಿಗೆ ಅದು ಒಂದೇ ಗೋಡೆ, ಕಟ್ಟುವವನಿಗೆ ಎರಡು. ಹೊರಮುಖಕ್ಕೊಂದು, ಒಳಮುಖಕ್ಕೊಂದು ಪದರವನ್ನು ಜೊತೆಯಾಗಿ ಎಬ್ಬಿಸಿಕೊಂಡು ಹೋಗಿ, ನಡುವೆ ಚೂರುಗಲ್ಲನ್ನೂ ಸುಣ್ಣದ ಗಾರೆಯನ್ನೂ ತುಂಬಿ, ಎರಡು ಪದರಗಳು ಬೇರೆಬೇರೆಯಾಗಿ ಹೊಟ್ಟೆಬಿಡದಂತೆ ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪವನ್ನು ಹಾಯುವ ಉದ್ದಗಲ್ಲನ್ನು ಅಡ್ಡಲಾಗಿ ಇಡುತ್ತಾರೆ. ಒರಟು ಕಲ್ಲಿನಿಂದ ನೇರವಾದ ಅಂಚನ್ನು ಪಡೆಯಲಾಗದುದರಿಂದ, ಮೂಲೆಗಳಿಗೂ ಬಾಗಿಲು ಕಿಟಕಿಗಳ ಸುತ್ತಿಗೂ ಮಾತ್ರ ಉಳಿಯಿಂದ ಕೆತ್ತಿದ ಕಲ್ಲು. ದುಬಾರಿಯಾದ ಕೆಲಸ ಎಲ್ಲಿ ಅಗತ್ಯವೋ ಅಲ್ಲಿಗಷ್ಟೇ ಸೀಮಿತ. ನಾರ್ತಂಬರ್ಲೆಂಡಿನಲ್ಲಿ ಕಬ್ಬಿಣದಂಥ ಕಠಿಣವಾದ ಕರಿಯ ವಿನ್‌ಸ್ಟೋನಿನ ಗೋಡೆಗೆ ಹಳದಿಯ ಮರಳುಗಲ್ಲಿನ ಮೂಲೆ ಕಟ್ಟಿದ ಮನೆಗಳುಂಟು. ಒಂದು ಉಳಿಗೆ ಬಗ್ಗದು, ಇನ್ನೊಂದು ಬಗ್ಗುತ್ತದೆ ಎಂಬ ಈ ಸರಳವಾದ ಕಾರಣದಿಂದ ಹುಟ್ಟಿದ ಆ ಎರಡು ಬಣ್ಣದ ಸೊಗಸನ್ನು ಯಾವ ರಸಿಕನ ಗ್ರಂಥವೂ ಕಲಿಸಿಕೊಟ್ಟುದಲ್ಲ.

ಕಾಟ್ಸ್‌ವಲ್ಡ್ ಬೆಟ್ಟಸಾಲಿನದು ಸಣ್ಣ ಗುಂಡುಕಾಳುಗಳು ಒಂದಕ್ಕೊಂದು ಅಂಟಿ ಆದ ಸುಣ್ಣಗಲ್ಲು. ಗಣಿಯಿಂದ ತೆಗೆದಾಗ ಒಳಗಿನ ತೇವದಿಂದ ಮೆತ್ತಗಿದ್ದು ಉಳಿಗೆ ಸುಲಭವಾಗಿ ಒದಗಿ, ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಜೇನಿನ ಬಣ್ಣವೂ ಅದರದೇ. ಆಕ್ಸ್‌ಫರ್ಡ್‌ಷೈರಿನ ಗ್ರೇಟ್ ಟ್ಯೂ ಎಂಬ ಎಸ್ಟೇಟು ಹಳ್ಳಿಯಲ್ಲಿ ಕಬ್ಬಿಣದ ಅಂಶವಿರುವ ಕಲ್ಲು ಇನ್ನೂ ಗಾಢವಾದ ಕಂದುಬಣ್ಣಕ್ಕೆ ತಿರುಗಿದೆ. ಕುಟೀರಗಳ ವಾಸ್ತುವನ್ನು ಕುರಿತು 1833ರಲ್ಲಿ ಬೃಹತ್ ವಿಶ್ವಕೋಶವನ್ನು ಪ್ರಕಟಿಸಿದ ಜಾನ್ ಲೌಡನ್ ತನ್ನ ತಾರುಣ್ಯದಲ್ಲಿ ಕೆಲವು ವರ್ಷ ಅಲ್ಲಿಯೇ ಬೇಸಾಯ ನಡೆಸಿದ್ದನು. ಆ ಕೋಶಕ್ಕೆ ಚಿತ್ರಗಳನ್ನು ಬರೆದವರಲ್ಲಿ ಎಡೆನ್ಸರಿನ ರಾಬರ್ಟ್‌ಸನ್ನನೂ ಒಬ್ಬ. ಕಾಟ್ಸ್‌ವಲ್ಡಿನ ಸೀಮೆಯಲ್ಲಿ ಮಾಡಿಗೂ ಕಲ್ಲೇ. ಸ್ಟೋನ್ಸ್‌ಫೀಲ್ಡ್ ಎಂಬಲ್ಲಿ ನೆಲದಾಳದಿಂದ ಮೇಲೆತ್ತಿದ ಬಂಡೆಯನ್ನು ಒಣಗಗೊಡದೆ ಚಳಿಗಾಲದವರೆಗೆ ಹಸಿಯಾಗಿ ಕಾದಿರಿಸುತ್ತಿದ್ದರು. ಹಿಮ ಬಿದ್ದ ರಾತ್ರಿ ಒಳಗಿನ ತೇವ ಹೆಪ್ಪುಗಟ್ಟಿ ಉಬ್ಬಿ, ಬಂಡೆ ತೆಳುವಾದ ಹಾಳೆಗಳಾಗಿ ಸೀಳುತ್ತಿತ್ತು. ಆ ಹಾಳೆಗಳಿಗೆ ರಂಧ್ರ ಕೊರೆದು, ಓಕ್ ಮರದ ಗೂಟದಿಂದ ಪಟ್ಟಿಗಳಿಗೆ ತೂಗುಹಾಕುವುದು ಕ್ರಮ. ಸೂರಿನಂಚಿಗೆ ಅತಿ ದೊಡ್ಡವು, ಮೇಲೇರಿದಂತೆ ಕಿರಿದಾಗುತ್ತ ನೆತ್ತಿಯಲ್ಲಿ ಅಂಗೈಯಗಲದವು. ನೀರು ಹೆಚ್ಚು ಹರಿಯುವ ಕೆಳಭಾಗದಲ್ಲಿ ಸಂದು ಕಡಮೆಯಿರಬೇಕೆಂಬ ಯುಕ್ತಿ ಇದರ ಮೂಲ. ಎತ್ತರದ ಕಡಿದಾದ ಇಳಿಜಾರೂ, ಆ ಭಾರವನ್ನು ಹೊರುವ ದಪ್ಪ ತೊಲೆಗಳೂ ಇದರಿಂದಲೇ ಬಂದುವು. ಆ ಇಳಿಜಾರಿನ ಒಳಗೆ ತಾನಾಗಿ ದೊರೆತ ಅಟ್ಟದಲ್ಲಿ ಆಳಿನ ಮಕ್ಕಳು ಮಲಗಿದರು.

ಒಳಗಿನ ಬಾಳನ್ನು ಮೊಟ್ಟಮೊದಲು ಶಾಸ್ತ್ರೀಯವಾಗಿ ಚಿಂತಿಸಿದವನು ಬಾತ್ ನಗರದ ಕಿರಿಯ ಜಾನ್ ವುಡ್. ಶ್ರೀಮಂತರಿಗಾಗಿ ರಾಯಲ್ ಕ್ರೆಸೆಂಟ್ ಎಂಬ ಭವ್ಯವಾದ ಅರ್ಧಚಂದ್ರಾಕೃತಿಯ ಸಾಲನ್ನು ಕಟ್ಟಿದ ಆ ವಾಸ್ತುಕಾರನು 1781ರಲ್ಲಿ ಕೂಲಿಕಾರರ ಮನೆಗಳ ನಕ್ಷೆಗಳನ್ನು ಪ್ರಕಟಿಸಿದನು. ಅದಕ್ಕೆ ಮುನ್ನ ಅವನು ಗುಡಿಸಲುಗಳಿಗೆ ತಾನೇ ಹೋಗಿ, ಅಲ್ಲಿಯವರಿಂದ ಅವರ ಕಷ್ಟಗಳನ್ನು ಕೇಳಿದನು. ಯಾರಿಗಾಗಿ ಕಟ್ಟುತ್ತಾನೋ ಅವರ ಸ್ಥಾನದಲ್ಲಿ ಮನಸ್ಸಿನಿಂದಾದರೂ ನಿಲ್ಲದ ಹೊರತು ಯಾವ ವಾಸ್ತುಕಾರನೂ ಅನುಕೂಲವಾದ ಮನೆಯನ್ನು ಕಲ್ಪಿಸಲಾರನೆಂದು ಬರೆದನು. ನೆಲ ಹೊರಗಿನ ಮಣ್ಣಿಗಿಂತ ಎತ್ತರವಾಗಿ ಒಣಗಿರಬೇಕು. ಗಾಳಿ ನೇರವಾಗಿ ನುಗ್ಗದಂತೆ ಬಾಗಿಲಿಗೆ ಮರೆ ಬೇಕು. ಕಷ್ಟಕಾಲಕ್ಕೆ ಪರಸ್ಪರ ನೆರವಾಗುವಂತೆ ಮನೆಗಳು ಜೋಡಿಯಾಗಿ ನಿಲ್ಲಬೇಕು. ಹನ್ನೆರಡು ಅಡಿಗಿಂತ ಅಗಲ ಬೇಡ, ಹಿತ್ತಲು ಮಾತ್ರ ಬೇಕೇಬೇಕು ಎಂದು ಅವನು ವಿಧಿಸಿದುದೆಲ್ಲ ಕೇಳಿ ತಿಳಿದುಕೊಂಡುದರ ಫಲ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತ್ಯಂತ ಘನವಾದ ಪುಟ ಇದು. ಬ್ಲೇಸಿನ ಹೊಗೆಗೂಡುಗಳಿಗೆ ಮೂವತ್ತು ವರ್ಷ ಮೊದಲೇ ಒಬ್ಬ ವಾಸ್ತುಕಾರನು ಕೂಲಿಯವನ ಮನೆಯನ್ನು ಒಳಗಿನಿಂದ ಹೊರಕ್ಕೆ ನೋಡಿದ್ದನು.

ಆ ದೃಷ್ಟಿ ಫಲಿಸಲು ಅರ್ಧ ಶತಮಾನಕ್ಕೂ ಮಿಕ್ಕು ಹಿಡಿಯಿತು. ಗಿಲ್ಲಿಯ ಮಾತುಗಳನ್ನೂ ಸೇರಿಸಿಕೊಂಡು ಎಡ್ವಿನ್ ಚಾಡ್ವಿಕ್ 1842ರಲ್ಲಿ ಶ್ರಮಿಕರ ಆರೋಗ್ಯಸ್ಥಿತಿಯ ವರದಿಯನ್ನು ಒಪ್ಪಿಸಿದ ಮೇಲೆ ಭೂಮಾಲಿಕರ ಮೇಲೆ ಲಜ್ಜೆಯ ಭಾರ ಬಿತ್ತು. ಬೆಡ್‌ಫರ್ಡಿನ ಡ್ಯೂಕನು 1849ರಲ್ಲಿ ಕೃಷಿಸಂಘದ ಪತ್ರಿಕೆಯಲ್ಲಿ ಬರೆಯುತ್ತ, ಆಳುಮನೆ ಕಟ್ಟುವುದು ಹಣ ಹೂಡುವವನಿಗೆ ಲಾಭದ ಕೆಲಸವಲ್ಲವೆಂದು ಒಪ್ಪಿ, ದನದ ಕೊಟ್ಟಿಗೆಯನ್ನು ಸುಧಾರಿಸುವ ಒಡೆಯನು ಆಳಿನ ಮನೆಯನ್ನೂ ಸುಧಾರಿಸಲೆಂದು ನಿರೀಕ್ಷಿಸುವುದು ಅತಿಯಾಗದೆಂದು ವಾದಿಸಿದನು. ಡೆವನ್ ಸೀಮೆಯಲ್ಲಿ ಅವನಿಗೆ ಸೇರಿದ್ದ ಟ್ಯಾವಿಸ್ಟಾಕ್ ಪಟ್ಟಣದ ಬಳಿ 1844ರಲ್ಲಿ ಹೇರಳವಾದ ತಾಮ್ರದ ಅದಿರು ದೊರೆತು, ಗಣಿಯ ಕೆಲಸಕ್ಕೆ ಜನ ಮುಗಿಬಿದ್ದು, ಇದ್ದ ಮನೆಗಳಲ್ಲಿ ಉಸಿರಾಡಲು ಎಡೆಯಿಲ್ಲದಂತಾಗಿತ್ತು. ಅಲ್ಲಿ ಎಸ್ಟೇಟು ನೂರಾರು ಮನೆಗಳನ್ನು ಕಟ್ಟಿಸಿತು. ಹರ್ಡ್‌ವಿಕ್ ಎಂಬ ಹಸುರುಛಾಯೆಯ ಕಲ್ಲು, ನೀಟಾದ ಸಾಲು, ಪ್ರತಿ ಮನೆಗೂ ತೋಟ, ಶೌಚಗೃಹ, ಹಂದಿಯ ಗೂಡು. ಹಂದಿಯ ಗೂಡನ್ನು ಕಂಡು ಯಾರೂ ಮೂಗು ಮುರಿಯಬೇಕಾದುದಿಲ್ಲ; ವರ್ಷಕ್ಕೊಂದು ಹಂದಿಯೆಂದರೆ ಆ ಸಂಸಾರಕ್ಕೆ ಚಳಿಗಾಲದ ಮಾಂಸ, ಕೊಬ್ಬು, ಬಾಕಿ ತೀರಿಸುವ ಹಣ.

ಈ ಕಾಲದ ಮನೆಗಳ ಒಳಗೆ ಒಂದು ಸಿದ್ಧವಾದ ಕ್ರಮ ಕಂಡುಬರುತ್ತದೆ. ಮುಂದೆ ಒಲೆಯಿರುವ ದೊಡ್ಡ ಕೋಣೆ. ಹಿಂದೆ ಪಾತ್ರೆ ತೊಳೆಯುವ, ಬಟ್ಟೆ ಬೇಯಿಸುವ ಹಂಡೆಯಿರುವ ಬಚ್ಚಲು. ಬಿಸಿಲು ಬೀಳದ ಉತ್ತರದ ಮಗ್ಗುಲಿಗೆ ಉಗ್ರಾಣ. ಮೇಲೆ ಮೂರು ಮಲಗುವ ಕೋಣೆ. ಈ ಮೂರೆಂಬ ಸಂಖ್ಯೆಗಾಗಿ ಸುಧಾರಕರು ದಶಕಗಳ ಕಾಲ ಹೋರಾಡಿದರು: ತಂದೆತಾಯಿಗೊಂದು, ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು. ನಾರ್ತಂಬರ್ಲೆಂಡಿನಲ್ಲಿಯೂ ನಾಲ್ಕನೆಯ ಡ್ಯೂಕನ ಕಾಲದಲ್ಲಿ ಒಂದೇ ಕೋಣೆಯ ಗೂಡುಗಳು ಹೋಗಿ, ಸ್ಲೇಟಿನ ಮಾಡಿನ, ತೆರೆಯುವ ಕಿಟಕಿಯ ಕಲ್ಲುಸಾಲುಗಳು ಬಂದುವು. ಅದೇ ಸೀಮೆಯ ಫೋರ್ಡ್ ಗ್ರಾಮವನ್ನು ಪತಿವಿಯೋಗದ ನಂತರ 1859ರಿಂದ ಹೊಸದಾಗಿ ಕಟ್ಟಿಸಿದ ಲೂಯಿಸಾ, ಲೇಡಿ ವಾಟರ್‌ಫರ್ಡ್, ಸ್ವತಃ ಚಿತ್ರಕಲಾವಿದೆ. ಊರ ಶಾಲೆಯ ಗೋಡೆಗಳ ಮೇಲೆ ಅವಳು ಬೈಬಲಿನ ಕಥೆಗಳನ್ನು ಚಿತ್ರಿಸುವಾಗ ಮಾದರಿಗಾಗಿ ಕೂರಿಸಿಕೊಂಡುದು ಆ ಮನೆಗಳಲ್ಲಿ ಬಾಳುತ್ತಿದ್ದ ಹಳ್ಳಿಗರನ್ನೂ ಅವರ ಮಕ್ಕಳನ್ನೂ.

ಇಂಥ ಸಾಲುಗಳ ಮುಂದೆ ನಿಂತವನು ಮೇಲಿನ ತ್ರಿಕೋನದಲ್ಲಿ ಕೆತ್ತಿದ ಕಲ್ಲೊಂದನ್ನು ಕಾಣುತ್ತಾನೆ: ಒಡೆಯನ ಹೆಸರಿನ ಮೊದಲಕ್ಷರ, ಅದರ ಮೇಲೊಂದು ಕಿರೀಟ, ಕೆಳಗೆ ಇಸವಿ. ಬಾಗಿಲು ಕಿಟಕಿಗಳಿಗೆಲ್ಲ ಒಂದೇ ಬಣ್ಣ. ಚಾಟ್ಸ್‌ವರ್ತಿನ ಮನೆಗಳಿಗೆ ಇಂದಿಗೂ ಅದರದೇ ಆದ ನೀಲಿ. ವಾಸಿಸುವವನ ಹೆಸರು ಆ ಮನೆಯ ಮೇಲೆ ಎಲ್ಲಿಯೂ ಇಲ್ಲ. ಕೆಲಸವಿದ್ದಷ್ಟು ದಿನ ಮನೆ. ಕೆಲಸ ಹೋದ ವಾರ ಮನೆಯೂ ಹೋಯಿತು. ಒಡೆಯನ ಚರ್ಚು ಬಿಟ್ಟು ಬೇರೆ ಪಂಥದ ಪ್ರಾರ್ಥನೆಗೆ ಹೋಗಲು, ಚುನಾವಣೆಯಲ್ಲಿ ಬೇರೆ ಪಕ್ಷದ ಮಾತನಾಡಲು ಎರಡು ಸಲ ಆಲೋಚಿಸಬೇಕಾಗಿತ್ತು. ವಾರಿಕ್‌ಷೈರಿನ ಬಾರ್ಫರ್ಡ್ ಗ್ರಾಮದ ಜೋಸೆಫ್ ಆರ್ಚ್ ಎಂಬ ಬೇಲಿ ಕತ್ತರಿಸುವ ಕೂಲಿಗಾರನು 1872ರಲ್ಲಿ ಕೃಷಿಕಾರ್ಮಿಕರ ರಾಷ್ಟ್ರೀಯ ಸಂಘವನ್ನು ಕಟ್ಟಿ, 1885ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದನು. ಅವನ ಧೈರ್ಯದ ಹಿಂದೆ ವಾಸ್ತುಶಾಸ್ತ್ರದ ಪುಸ್ತಕಗಳು ಗಮನಿಸದ ಒಂದು ಸಂಗತಿಯಿದೆ: ಅವನು ಹುಟ್ಟಿ ಬೆಳೆದ ಚಿಕ್ಕ ಮನೆ ಹಿರಿಯರ ಕಾಲದಿಂದ ಅವನ ವಂಶದ ಸ್ವಂತದ ಆಸ್ತಿ. ಯಾವ ಒಡೆಯನೂ ಅವನನ್ನು ಅಲ್ಲಿಂದ ಎಬ್ಬಿಸಲಾರನಾಗಿದ್ದನು. ಎಸ್ಟೇಟಿನ ಸುಂದರವಾದ ಕಲ್ಲುಮನೆಯಲ್ಲಿ ಅವನು ಹುಟ್ಟಿದ್ದರೆ ಆ ಸಂಘದ ಕಥೆ ಬೇರೆಯಾಗುತ್ತಿತ್ತು. ಕೃಷಿಕಾರ್ಮಿಕನಿಗೆ ಇಂಥ ಮನೆಯಲ್ಲಿ ನಿಲ್ಲುವ ಹಕ್ಕು ಕಾನೂನಿನಿಂದ ಭದ್ರವಾಗಲು 1976ರವರೆಗೆ ಕಾಯಬೇಕಾಯಿತು.

ನಮ್ಮ ಕೊಡಗಿನಲ್ಲಿ ಮತ್ತು ಚಿಕ್ಕಮಗಳೂರಿನ ಸೀಮೆಯಲ್ಲಿ ಕಾಫಿ ತೋಟದ ‘ಲೈನು’ಗಳನ್ನು ಕಂಡವರಿಗೆ ಈ ಕಥೆ ತೀರ ಪರಕೀಯವಾಗಿ ತೋರಲಾರದು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬವನು ತೋಟ ತೆರೆದ ಮೇಲೆ ಸಾಲಾಗಿ ಬಂದ ಐರೋಪ್ಯ ಪ್ಲಾಂಟರುಗಳು ತಮ್ಮ ನಾಡಿನ ಎಸ್ಟೇಟಿನ ಆಡಳಿತವನ್ನು ತಂದರು. ಆದರೆ ಬಂಗಲೆಗೆ ತೋರಿದ ಅಕ್ಕರೆಯನ್ನು ಲೈನಿಗೆ ತೋರಲಿಲ್ಲ. ಒಂದೇ ಮಾಡಿನ ಕೆಳಗೆ ಸಾಲು ಕೋಣೆಗಳು, ಮುಂದೆ ಇಕ್ಕಟ್ಟಾದ ಜಗಲಿ, ಒಳಗೇ ಒಲೆ, ಹೊಗೆ ಹೋಗಲು ಹೆಂಚಿನ ಸಂದು: ಗಿಲ್ಲಿಯು ಖಂಡಿಸಿದ ಕೋಣೆಯೇ ಸಮುದ್ರ ದಾಟಿ ಬಂದಿತ್ತು, ಜಾನ್ ವುಡ್ಡನ ನಕ್ಷೆ ಬರಲಿಲ್ಲ. ತೋಟದ ಕೆಲಸಗಾರರಿಗೆ ವಸತಿ ಒದಗಿಸುವುದು ಮಾಲಿಕರ ಕರ್ತವ್ಯವೆಂದು ನಮ್ಮ ಪ್ಲಾಂಟೇಶನ್ ಕಾರ್ಮಿಕ ಕಾಯಿದೆ ವಿಧಿಸಿದುದು 1951ರಲ್ಲಿ.

ಇಂದು ಆ ದೇಶದ ಎಸ್ಟೇಟು ಮನೆಗಳಲ್ಲಿ ಹಲವು ಕಾನೂನಿನ ರಕ್ಷಣೆ ಪಡೆದಿವೆ. ಬ್ಲೇಸ್ ಹ್ಯಾಮ್‌ಲೆಟ್ 1943ರಿಂದ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. ಅಲ್ಲಿ ಈಗಲೂ ಜನ ಬಾಳುತ್ತಾರೆ. ಬೇರೆ ಎಷ್ಟೋ ಮನೆಗಳು ಮೊದಲ ಮಹಾಯುದ್ಧದ ನಂತರ ಎಸ್ಟೇಟುಗಳು ಒಡೆದು ಮಾರಾಟವಾದಾಗ ಕೈಬದಲಾಗಿ, ಇಂದು ಕೂಲಿಯವನ ಮಾತಿರಲಿ, ಸಾಮಾನ್ಯ ಸಂಬಳಗಾರನೂ ಕೊಳ್ಳಲಾರದ ಬೆಲೆಗೆ ಏರಿವೆ. ಆ ಮನೆಗಳಿಗೆ ಹೆಚ್ಚಿನ ಹಾನಿಯಾದುದು ಮಳೆಯಿಂದಲ್ಲ, ಸಿಮೆಂಟಿನಿಂದ. ಸುಣ್ಣದ ಗಾರೆಯ ಗೋಡೆ ಒದ್ದೆಯಾದರೂ ಸಂದಿಯ ಮೂಲಕ ತೇವವನ್ನು ಬಿಟ್ಟು ಒಣಗುತ್ತದೆ. ಭದ್ರವಾಗಲೆಂದು ಆ ಸಂದಿಗೆ ಸಿಮೆಂಟು ಮೆತ್ತಿದೊಡನೆ ನೀರಿಗೆ ಹೊರಹೋಗುವ ದಾರಿ ಕಲ್ಲಿನ ಮೈಯೊಂದೇ ಆಗಿ, ಹಿಮಕಾಲದಲ್ಲಿ ಕಲ್ಲಿನ ಮುಖವೇ ಪದರಪದರವಾಗಿ ಉದುರುತ್ತದೆ. ಈಗ ಬಲ್ಲ ಮೇಸ್ತ್ರಿಗಳು ಆ ಸಿಮೆಂಟನ್ನು ಸಣ್ಣ ಉಳಿಯಿಂದ ಒಂದೊಂದೇ ಸಂದಿಯಲ್ಲಿ ಬಿಡಿಸಿ ತೆಗೆದು ಮತ್ತೆ ಸುಣ್ಣವನ್ನೇ ತುಂಬುತ್ತಿದ್ದಾರೆ. ಮಾಡಿನಿಂದ ಇಳಿಸಿದ ಕಲ್ಲುಹೆಂಚುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕಣಕಣ ಎಂದವನ್ನು ಬೇರೆಯಿಟ್ಟು, ಅಳತೆಯ ಪ್ರಕಾರ ಜೋಡಿಸಿ, ಅದೇ ಮಾಡಿಗೆ ಹಿಂದಿರುಗಿಸುತ್ತಿದ್ದಾರೆ.